ತಾಮ್ರದ ಕೊಳವೆ, ಹರಿದ ಹೊದಿಕೆ ಮತ್ತು ಓಮ್‌ನ ನಿಯಮ

ಈ ತಿಂಗಳ ಪತ್ರ ನ್ಯೂಜೆರ್ಸಿಯಿಂದ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗನ ಬ್ಯಾಕ್‌ಪ್ಯಾಕನ್ನು ಒಗೆಯಲು ಹಾಕುವ ಮುಂಚೆ ತಾಯಿ ಖಾಲಿ ಮಾಡಿದ್ದಾರೆ. ಒಳಗೆ ಹೆಬ್ಬೆರಳಿಗಿಂತ ದಪ್ಪನೆಯ, ಕೈಯಲ್ಲಿ ಹಿಡಿದರೆ ಭಾರವಿರುವ ಒಂದು ತಾಮ್ರದ ಕೊಳವೆ. ಜೊತೆಗೆ ಹಸಿರು ಪ್ಲಾಸ್ಟಿಕ್ ಹೊದಿಕೆಯ ಎರಡು ಬ್ಯಾಟರಿ. ಒಂದರ ಹೊದಿಕೆ ತುದಿಯಲ್ಲಿ ಹರಿದಿದೆ. "ಇದೇನೋ ಇದು?" ಎಂದರೆ "ಫ್ರೆಂಡ್‌ದು ಅಮ್ಮ, ಮೆಕ್ ಮಾಡ್ ಅಷ್ಟೇ" ಎಂಬ ಉತ್ತರ. ಸಂಜೆ ಅಪ್ಪ ಬಂದ ಮೇಲೆ ದೊಡ್ಡ ಗಲಾಟೆ. "ಬೈದಿದ್ದಾಯಿತು, ಅವನು ಬಾಯಿ ಬಿಡುತ್ತಿಲ್ಲ. ಇದು ಸಿಡಿಯುತ್ತದೆ ಅಂತಾರಲ್ಲ, ನಿಜವೇ? ಸದ್ಯಕ್ಕೆ ಅಡುಗೆಮನೆಯ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ" ಎಂದು ಪತ್ರ ಮುಗಿಯುತ್ತದೆ.

ಮೊದಲು ಡ್ರಾಯರ್ ವಿಷಯ. ಸ್ಪೂನು, ಚಾಕು, ಬಾಟಲಿ ಓಪನರ್ ಇರುವ ಡ್ರಾಯರ್‌ನಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಇಡಬೇಡಿ. ಇದನ್ನು ಓದುವುದನ್ನು ನಿಲ್ಲಿಸಿ, ಹೋಗಿ ತೆಗೆಯಿರಿ. ಕೊಳವೆಯೊಳಗೆ ಬ್ಯಾಟರಿ ಇದ್ದರೆ ಅದನ್ನೂ ಹೊರತೆಗೆಯಿರಿ. ಪ್ರತಿ ಬ್ಯಾಟರಿಯ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಿಕೋಟಿನ್ ಬಗ್ಗೆ ಈ ಅಂಕಣದಲ್ಲಿ ಹೆಚ್ಚು ಬರೆಯುವುದಿಲ್ಲ. ಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ, ಅಲ್ಲಿಯವರೆಗೆ ನಿಕೋಟಿನ್ ಚಟ ಬೇಗ ಹತ್ತುತ್ತದೆ ಎಂಬುದನ್ನು ಮಕ್ಕಳ ವೈದ್ಯರು ನಿಮಗೆ ಹೇಳಿಯೇ ಇರುತ್ತಾರೆ. ಮಕ್ಕಳು ಇದನ್ನು ಸೇದಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಟ ಬಿಡಿಸಲು ತಿಂಗಳುಗಳು ಬೇಕು. ಹರಿದ ಹೊದಿಕೆಯ ಬ್ಯಾಟರಿ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಇವತ್ತು ಬ್ಯಾಟರಿಯ ಮಾತು.

ಈಗಿನ ಎಲೆಕ್ಟ್ರಾನಿಕ್ ಸಿಗರೇಟಿನ ರೂಪವನ್ನು ಕೊಟ್ಟವರು ಚೀನಾದ ಔಷಧತಜ್ಞ ಹೊನ್ ಲಿಕ್, 2003ರಲ್ಲಿ. ಅದು ಪೆನ್ನಿನಷ್ಟು ಸಣ್ಣದು, ಬ್ಯಾಟರಿಯೂ ಸಣ್ಣದು. ಹೆಚ್ಚು ಹೊಗೆ ಬೇಕೆಂದ ಹವ್ಯಾಸಿಗಳು ಟಾರ್ಚಿನ ಕೊಳವೆಗಳನ್ನೇ ಮಾರ್ಪಡಿಸಿ ದೊಡ್ಡ ಬ್ಯಾಟರಿ ಹಾಕಿದರು. ಮಾಡಿಫೈ ಮಾಡಿದ್ದು ಎನ್ನುವುದೇ ಮೊಟಕಾಗಿ 'ಮಾಡ್' ಆಯಿತು. (ಕನ್ನಡದ ಕಿವಿಗೆ ಇದು ಅರ್ಧಕ್ಕೆ ನಿಂತ 'ಮಾಡು' ಎಂದೇ ಕೇಳುತ್ತದೆ. ನನ್ನ ಮಗಳಿಗೆ ಇದನ್ನು ಹೇಳಿದಾಗ ಕಣ್ಣು ಮೇಲೆ ಮಾಡಿದಳು.) ಇವತ್ತು ಹೈಸ್ಕೂಲ್ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಬಣ್ಣಬಣ್ಣದ, ಮುಗಿದ ಮೇಲೆ ಬಿಸಾಡುವ ವೇಪ್. ತಾಮ್ರದ ಕೊಳವೆ ಅಪರೂಪ. ಆದರೆ ಅಪರೂಪದ್ದೇ ಹೆಚ್ಚು ಅಪಾಯದ್ದು.

ಯಾಕೆಂದರೆ ಅದರೊಳಗೆ ಏನೂ ಇಲ್ಲ. ಸಾಮಾನ್ಯ ವೇಪ್‌ನಲ್ಲಿ ಒಂದು ಚಿಪ್ ಇರುತ್ತದೆ: ಶಾರ್ಟ್ ಆದರೆ ಕರೆಂಟ್ ಕಡಿಯುತ್ತದೆ, ಬಿಸಿಯಾದರೆ ನಿಲ್ಲಿಸುತ್ತದೆ, ಬ್ಯಾಟರಿ ಇಳಿದರೆ ಸಾಕು ಎನ್ನುತ್ತದೆ. ಮೆಕ್ಯಾನಿಕಲ್ ಮಾಡ್‌ನಲ್ಲಿ ಚಿಪ್ ಇಲ್ಲ, ಫ್ಯೂಸ್ ಇಲ್ಲ, ವೈರ್ ಕೂಡ ಇಲ್ಲ. ಒಂದು ಲೋಹದ ಕೊಳವೆ, ಒಂದು ಬ್ಯಾಟರಿ, ಕೆಳಗೊಂದು ಒತ್ತುಗುಂಡಿ, ಮೇಲೆ ತಂತಿಯ ಸುರುಳಿ. ಕೊಳವೆಯ ಗೋಡೆಯೇ ವೈರ್. ಗುಂಡಿ ಒತ್ತಿದರೆ ಬ್ಯಾಟರಿಯ ಇಡೀ ಶಕ್ತಿ ನೇರವಾಗಿ ಸುರುಳಿಗೆ ಹೋಗುತ್ತದೆ. ಹಳೇ ಹಾಸ್ಟೆಲ್ ರೂಮುಗಳಲ್ಲಿ ಕದ್ದು ಇಟ್ಟುಕೊಳ್ಳುತ್ತಿದ್ದ ಕಾಯಿಲ್ ಸ್ಟೋವ್ ನೆನಪಿದೆಯಲ್ಲ? ಅದೇ ತತ್ವ. ಸುರುಳಿಯ ತಂತಿಯೂ ಅದೇ ಕುಲದ್ದು: ನಿಕ್ರೋಮ್, ಅಥವಾ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಬೆರೆತ ಕಂಥಾಲ್.

ಹಾಗಾದರೆ ಎಷ್ಟು ಕರೆಂಟ್ ಹರಿಯಬೇಕೆಂದು ತೀರ್ಮಾನಿಸುವುದು ಯಾರು? ಸುರುಳಿಯ ರೋಧ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ. ಪೂರ್ತಿ ಚಾರ್ಜ್ ಆದ ಲಿಥಿಯಂ-ಅಯಾನ್ ಬ್ಯಾಟರಿಯ ವೋಲ್ಟೇಜ್ 4.2. ಸುರುಳಿಯ ರೋಧ ಅರ್ಧ ಓಮ್ ಆದರೆ 8.4 ಆಂಪಿಯರ್. 0.2 ಓಮ್ ಆದರೆ 21 ಆಂಪಿಯರ್. 0.1 ಆದರೆ 42. ಇಂಗ್ಲೆಂಡಿನಲ್ಲಿರುವವರು ಕೆಟಲ್‌ನ ಪ್ಲಗ್ ಬಿಚ್ಚಿ ನೋಡಿ, ಅದರೊಳಗಿನ ಫ್ಯೂಸ್ 13 ಆಂಪಿಯರ್‌ನದು. ಅಮೆರಿಕದ ಅಡುಗೆಮನೆಯ ಸಾಕೆಟ್‌ಗಳ ಬ್ರೇಕರ್ 20 ಆಂಪಿಯರ್. ಗೋಡೆಯೊಳಗೆ ದಪ್ಪ ತಾಮ್ರದ ವೈರ್ ಎಳೆದು, ತುದಿಯಲ್ಲಿ ಬ್ರೇಕರ್ ಕೂರಿಸಿ ಮಾಡುವ ಕೆಲಸವನ್ನು ಇಲ್ಲಿ ಬೆರಳುದ್ದದ ಬ್ಯಾಟರಿಯಿಂದ ಮಾಡಿಸುತ್ತಿದ್ದಾರೆ. ವೋಲ್ಟೇಜ್ ಕಡಿಮೆ, ಹಾಗಾಗಿ ಶಾಕ್ ಹೊಡೆಯುವುದಿಲ್ಲ. ಒಟ್ಟು ಶಕ್ತಿಯೂ ಕೆಟಲ್‌ನಷ್ಟಿಲ್ಲ. ಆದರೆ ಬ್ಯಾಟರಿಯ ಹೊಟ್ಟೆ ಬಿಸಿಯಾಗುವುದು ಆಂಪಿಯರ್ ಲೆಕ್ಕದಲ್ಲಿ, ಅದೂ ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಕೆಲವು ಕೊಳವೆಗಳಲ್ಲಿ ಎರಡು ಬ್ಯಾಟರಿಯನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಆಗ 8.4 ವೋಲ್ಟ್. ಅದೇ ಸುರುಳಿಯಲ್ಲಿ ಕರೆಂಟ್ ತಾನಾಗಿಯೇ ಇಮ್ಮಡಿ. ಪತ್ರದಲ್ಲಿ ಎರಡು ಬ್ಯಾಟರಿ ಎಂದು ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ ಇದೇ. ಕೊಳವೆಯ ಉದ್ದ ಅಳೆದು ನೋಡಿ.

ಈಗ ತಾಮ್ರ ಏಕೆ ಎಂಬ ವಿಷಯ, ಇದು ನನಗೆ ಇಷ್ಟದ ಭಾಗ. ಲೋಹಗಳಲ್ಲಿ ವಿದ್ಯುತ್ ವಾಹಕತೆ ಎಲ್ಲಕ್ಕಿಂತ ಹೆಚ್ಚಿರುವುದು ಬೆಳ್ಳಿಗೆ, ಅದರ ಹಿಂದೆಯೇ ತಾಮ್ರ, ಆಮೇಲೆ ಚಿನ್ನ, ಆಮೇಲೆ ಅಲ್ಯೂಮಿನಿಯಂ. ತಾಮ್ರವನ್ನು ನೂರು ಎಂದಿಟ್ಟುಕೊಂಡರೆ ಹಿತ್ತಾಳೆ ಮೂವತ್ತರ ಒಳಗೆ. ಸ್ಟೇನ್‌ಲೆಸ್ ಸ್ಟೀಲ್ ಎರಡು ಮೂರು ಅಷ್ಟೇ. ದೇವರ ಮನೆಯ ತಾಮ್ರದ ಚೊಂಬು, ಹಿತ್ತಾಳೆ ದೀಪ, ಅಡುಗೆಮನೆಯ ಸ್ಟೀಲ್ ಲೋಟ ಮೂರನ್ನೂ ಸಾಲಾಗಿ ಇಟ್ಟು ಮಕ್ಕಳಿಗೆ ಇದನ್ನು ಹೇಳಿ, ಮರೆಯುವುದಿಲ್ಲ. ಈ ಕೊಳವೆಗಳ ಅಭಿಮಾನಿಗಳು ತಾಮ್ರ ಕೊಂಡು, ತುದಿಗಳಿಗೆ ಬೆಳ್ಳಿ ಲೇಪಿಸಿಕೊಂಡು, ಒಂದು ಹನಿ ವೋಲ್ಟೇಜೂ ಪೋಲಾಗಬಾರದು ಎಂದು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಆದರೆ ಅವರು ಹೇಳುವಷ್ಟು ವ್ಯತ್ಯಾಸವನ್ನು ಕೊಳವೆಯ ಲೋಹ ಮಾಡುವುದಿಲ್ಲ. ಗೋಡೆ ದಪ್ಪ, ಉದ್ದ ನಾಲ್ಕು ಇಂಚು. ಅಷ್ಟರಲ್ಲಿ ಹಿತ್ತಾಳೆಯೂ ಚೆನ್ನಾಗಿಯೇ ಕರೆಂಟ್ ಒಯ್ಯುತ್ತದೆ. ತೊಂದರೆ ಇರುವುದು ಒಂದು ಲೋಹ ಇನ್ನೊಂದಕ್ಕೆ ಮುಟ್ಟುವ ಜಾಗಗಳಲ್ಲಿ: ತಿರುಪಿನ ಎಳೆ, ಗುಂಡಿಯ ತಳ, ಬ್ಯಾಟರಿಯ ತುದಿ. ಅಲ್ಲಿ ಕಿಲುಬು ಕಟ್ಟಿದರೆ, ಎಣ್ಣೆ ಜಿಡ್ಡು ಕೂತರೆ ರೋಧ ಹೆಚ್ಚುತ್ತದೆ. ಲೆಕ್ಕ ನೋಡಿ. ಆ ಕಿಲುಬಿನ ರೋಧ ಒಂದು ಓಮ್‌ನ ನೂರರಲ್ಲೊಂದು ಭಾಗ ಎಂದುಕೊಳ್ಳಿ. 20 ಆಂಪಿಯರ್ ಹರಿದರೆ ಆ ಚುಕ್ಕೆಯಷ್ಟು ಜಾಗದಲ್ಲಿ 4 ವ್ಯಾಟ್ ಬಿಸಿ ಹುಟ್ಟುತ್ತದೆ, ಬ್ಯಾಟರಿಗೆ ಒತ್ತಿಕೊಂಡೇ. ಗುಂಡಿಯ ಸ್ಪ್ರಿಂಗ್ ಬಿಸಿಗೆ ಸೋತು ಕುಸಿದರೆ ಗುಂಡಿ ಒತ್ತಿಕೊಂಡೇ ನಿಲ್ಲುತ್ತದೆ. ಜೇಬಿನಲ್ಲಿ ಹಾಗಾದರೆ ಏನಾಗುತ್ತದೆಂದು ಹೇಳಬೇಕಿಲ್ಲ. ನಮ್ಮ ಅಜ್ಜಿಯಂದಿರು ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ಉಜ್ಜುತ್ತಿದ್ದರು. ಅದು ಕೆಮಿಸ್ಟ್ರಿ, ಆಮ್ಲ ಆಕ್ಸೈಡನ್ನು ಕರಗಿಸುತ್ತದೆ. 'ಕಿಲುಬು' ಎಂಬ ಪದಕ್ಕೆ ಸಮನಾದ ಒಂದು ಸರಳ ಇಂಗ್ಲಿಷ್ ಮಾತು ನಿಮ್ಮ ಮಗುವಿಗೆ ಗೊತ್ತಿದೆಯೇ ಕೇಳಿ ನೋಡಿ.

ಇನ್ನು ಬ್ಯಾಟರಿ. ಇಂಥ ಕೊಳವೆಯಲ್ಲಿ ಸಾಮಾನ್ಯವಾಗಿ ಬರುವುದು 18650. ಸಂಖ್ಯೆಯೇ ಅಳತೆ: 18 ಮಿಲಿಮೀಟರ್ ಅಡ್ಡ, 65 ಉದ್ದ, ಕೊನೆಯ ಸೊನ್ನೆ ಎಂದರೆ ಉರುಳೆ ಆಕಾರ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ವಿಜ್ಞಾನಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಲ್ಯಾಪ್‌ಟಾಪ್‌ಗಳಲ್ಲಿ, ಡ್ರಿಲ್‌ಗಳಲ್ಲಿ, ಟೆಸ್ಲಾದ ಮೊದಲ ಕಾರುಗಳಲ್ಲಿ ಇದೇ 18650 ಇತ್ತು. ಒಳ್ಳೆಯ ವಸ್ತು. ಆದರೆ ಅಲ್ಲೆಲ್ಲ ಅದನ್ನು ಕಾಯುವ ಸರ್ಕ್ಯೂಟ್ ಜೊತೆಗಿರುತ್ತದೆ. ಬಿಡಿಯಾಗಿ ಗಿರಾಕಿಯ ಕೈಗೆ ಕೊಡಲು ಇದನ್ನು ಮಾಡಿದ್ದಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರಲ್ಲಿ ಇದನ್ನೇ ಹೇಳಿ, ಬಿಡಿ 18650 ಕೊಳ್ಳಬೇಡಿ, ಬಳಸಬೇಡಿ ಎಂದು ಎಚ್ಚರಿಸಿತು.

ನೋಡಲು ಎಲ್ಲ 18650 ಒಂದೇ. ಒಳಗೆ ಹಾಗಲ್ಲ. ಕೆರೆಯ ಹೋಲಿಕೆ ತೆಗೆದುಕೊಂಡರೆ ಎರಡು ಪ್ರಶ್ನೆ: ಕೆರೆಯಲ್ಲಿ ನೀರೆಷ್ಟು, ಮತ್ತು ತೂಬು ಎಷ್ಟು ದೊಡ್ಡದು. ನೀರಿನ ಲೆಕ್ಕ ಮಿಲಿಆಂಪಿಯರ್-ಗಂಟೆ, ತೂಬಿನ ಲೆಕ್ಕ ಆಂಪಿಯರ್. ಅಷ್ಟೇ ಜಾಗದೊಳಗೆ ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ. ಸ್ಯಾಮ್‌ಸಂಗ್‌ನ 25ಆರ್ ಎಂಬುದು 2500 ಮಿಲಿಆಂಪಿಯರ್-ಗಂಟೆಯದು, ಸತತವಾಗಿ 20 ಆಂಪಿಯರ್ ಕೊಡಬಲ್ಲದು. ಲ್ಯಾಪ್‌ಟಾಪಿಗಾಗಿ ಮಾಡಿದ 3400ರ ಬ್ಯಾಟರಿ ಏಳು ಆಂಪಿಯರ್‌ನ ಒಳಗೇ ನಿಲ್ಲಬೇಕು. ಹಳೇ ಲ್ಯಾಪ್‌ಟಾಪ್ ಬಿಚ್ಚಿ ಪುಕ್ಕಟೆ ಬ್ಯಾಟರಿ ತೆಗೆದುಕೊಂಡ ಬುದ್ಧಿವಂತ ಹುಡುಗ ಅದನ್ನು 0.2 ಓಮ್ ಸುರುಳಿಗೆ ಹಾಕಿದರೆ, ತೂಬು ತಡೆಯುವ ಮೂರು ಪಟ್ಟು ನೀರನ್ನು ಅದರಿಂದ ಎಳೆದಂತೆ.

ಲೇಬಲ್ ನಂಬಬಹುದೇ ಎಂದರೆ, ಇಲ್ಲ. ಬೇರೆಯವರು ಮಾಡಿದ ಬ್ಯಾಟರಿಗೆ ತಮ್ಮ ಬಣ್ಣದ ಹೊದಿಕೆ ಸುತ್ತಿ, ಮೇಲೆ 35, 40 ಆಂಪಿಯರ್ ಎಂದು ಬರೆದು ಮಾರುವವರಿದ್ದಾರೆ. ಒಂದೆರಡು ಸೆಕೆಂಡಿನ ಮಿತಿಯನ್ನು ಸತತದ ಮಿತಿ ಎಂಬಂತೆ ಬರೆದಿರುತ್ತಾರೆ. 18650ರ ಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳು, ಅದರ ಅರ್ಧ ಹಿಡಿಸುವ ಜಾಗವೂ ಅದರಲ್ಲಿಲ್ಲ. ಅಂಗಡಿಗೆ ಹೋಗಿ ವಯಸ್ಸು ತೋರಿಸಿ ಕೊಳ್ಳಲಾಗದ ಹುಡುಗರು ಕೊನೆಗೆ ಸೇರುವುದು ಇಂಥ ಅಗ್ಗದ ಮಾಲಿನ ಹತ್ತಿರವೇ.

ಹರಿದ ಹೊದಿಕೆಗೆ ಬರೋಣ. ಬ್ಯಾಟರಿಯ ಪಾಸಿಟಿವ್ ಮೇಲಿನ ಸಣ್ಣ ಬಿಲ್ಲೆ ಮಾತ್ರ. ಉಳಿದ ಇಡೀ ಲೋಹದ ಡಬ್ಬಿ, ಮೇಲಿನ ಅಂಚಿನವರೆಗೂ, ನೆಗೆಟಿವ್. ಎರಡರ ನಡುವೆ ಇರುವುದು ಒಂದು ತೆಳ್ಳನೆಯ ಉಂಗುರ ಮತ್ತು ಕೂದಲೆಳೆ ದಪ್ಪದ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಅಂಚಿನಲ್ಲಿ ಹರಿದಿದ್ದರೆ, ಒಂದು ಬೀಗದ ಕೈ, ಒಂದು ಕ್ವಾರ್ಟರ್ ನಾಣ್ಯ ಅಡ್ಡ ಬಿದ್ದರೆ ಸಾಕು, ಶಾರ್ಟ್. ರೋಧ ಹೆಚ್ಚುಕಡಿಮೆ ಸೊನ್ನೆ. ಹರಿಯುವ ಕರೆಂಟ್ ನೂರು ಆಂಪಿಯರ್ ದಾಟಬಹುದು. ಒಳಗಿನ ಎರಡು ಪದರಗಳನ್ನು ಬೇರ್ಪಡಿಸಿರುವ ತೆಳು ಪರದೆ ಕರಗುತ್ತದೆ, ಒಳಗೇ ಇನ್ನಷ್ಟು ಶಾರ್ಟ್, ಇನ್ನಷ್ಟು ಬಿಸಿ. ಒಳಗಿನ ದ್ರವ ಉರಿಯುವಂಥದ್ದು. ಹಲವು ಬಗೆಯ ಬ್ಯಾಟರಿಗಳಲ್ಲಿ ಪಾಸಿಟಿವ್ ಪದರವೇ ಬಿಸಿಗೆ ಆಮ್ಲಜನಕ ಬಿಡುತ್ತದೆ. ಒಮ್ಮೆ ಶುರುವಾದರೆ ತನ್ನನ್ನು ತಾನೇ ಉರಿಸಿಕೊಳ್ಳುವ ಒಲೆ.

ಬಯಲಿನಲ್ಲಾದರೆ ಅದು ಬುಸ್ ಎಂದು ಹೊಗೆ, ಬೆಂಕಿ. ಲೋಹದ ಕೊಳವೆಯೊಳಗೆ, ಅನಿಲ ಹೊರಹೋಗಲು ಸಾಕಷ್ಟು ರಂಧ್ರಗಳೂ ಇಲ್ಲದಿದ್ದರೆ, ಅದು ಬಾಣಬಿರುಸು ಆಗುವುದಿಲ್ಲ, ಗರ್ನಾಲು ಆಗುತ್ತದೆ. ಅದನ್ನು ತುಟಿಗಿಟ್ಟು ಬಳಸುತ್ತಾರೆ ಎಂಬುದನ್ನು ಮರೆಯಬಾರದು. ಅಮೆರಿಕದ ಫೈರ್ ಅಡ್ಮಿನಿಸ್ಟ್ರೇಷನ್ 2009ರಿಂದ 2016ರವರೆಗೆ ಸುದ್ದಿಯಾದ ಇಂಥ ಬೆಂಕಿ-ಸ್ಫೋಟಗಳನ್ನು ಎಣಿಸಿತು, ಎಲ್ಲ ಬಗೆಯ ವೇಪ್ ಸೇರಿ: 195 ಘಟನೆ, 133 ಗಾಯ. ಅದರಲ್ಲಿ 61 ಆದದ್ದು ವೇಪ್ ಅಥವಾ ಬಿಡಿ ಬ್ಯಾಟರಿ ಜೇಬಿನಲ್ಲಿದ್ದಾಗ, 60 ಸೇದುವಾಗ, 48 ಚಾರ್ಜ್ ಆಗುವಾಗ. ಆಮೇಲೆ 2018ರಲ್ಲಿ ಫ್ಲಾರಿಡಾದಲ್ಲಿ, 2019ರ ಆರಂಭದಲ್ಲಿ ಟೆಕ್ಸಸ್‌ನಲ್ಲಿ ಒಬ್ಬೊಬ್ಬರ ಜೀವವೇ ಹೋಯಿತು. ಕೋಟ್ಯಂತರ ಜನ ಬಳಸುವ ವಸ್ತುವಿನಲ್ಲಿ ಇದು ಅಪರೂಪವೇ, ಮಗ ಈ ವಾದ ಹೂಡಿದರೆ ಒಪ್ಪಿಕೊಳ್ಳಿ. ಆಮೇಲೆ ಚಿಪ್ ಇಲ್ಲದ ಕೊಳವೆ, ಹರಿದ ಹೊದಿಕೆ, ಯಾರದೋ ಕೈಯಿಂದ ಬಂದ ಬ್ಯಾಟರಿ ಮೂರೂ ಸೇರಿದಾಗ ಆ ಅಪರೂಪ ಎಷ್ಟು ಉಳಿಯುತ್ತದೆ ಎಂದು ಅವನನ್ನೇ ಕೇಳಿ.

ನನ್ನ ಚಿಂತೆ ಇನ್ನೊಂದಿದೆ. ಮನೆಯಲ್ಲಿ ಹೆದರಿಕೆ ಹೆಚ್ಚಾದಷ್ಟೂ ಬ್ಯಾಟರಿ ಹೆಚ್ಚು ಅಪಾಯದ ಜಾಗಕ್ಕೆ ಹೋಗುತ್ತದೆ. ಮೇಜಿನ ಮೇಲೆ ಚಾರ್ಜ್ ಆಗಬೇಕಾದದ್ದು ದಿಂಬಿನ ಕೆಳಗೆ ಆಗುತ್ತದೆ. ಡಬ್ಬಿಯಲ್ಲಿರಬೇಕಾದದ್ದು ಜೀನ್ಸ್ ಜೇಬಿನಲ್ಲಿ ಕಾರಿನ ಕೀ ಜೊತೆ ಇರುತ್ತದೆ. ಬ್ಯಾಟರಿ ಉಬ್ಬಿದರೆ, ಬಿಸಿಯಾದರೆ ಹುಡುಗ ಬಂದು ಹೇಳುವುದಿಲ್ಲ. ಹಾಗಾಗಿ ಎಷ್ಟೇ ಸಿಟ್ಟಿದ್ದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿ: "ಬ್ಯಾಟರಿ ವಿಷಯ ಬಂದು ಹೇಳಿದರೆ ಬೈಯಲ್ಲ ಕಣೋ." ಹೇಳಿದ ಮೇಲೆ ಬೈಯಬೇಡಿ.

ಬುಸುಗುಡುತ್ತಿದ್ದರೆ, ಸಿಹಿ ಸಾಲ್ವೆಂಟ್ ತರಹದ ವಾಸನೆ ಬಂದರೆ ಕೈಯಲ್ಲಿ ಹಿಡಿಯಬೇಡಿ. ಎಲ್ಲರೂ ದೂರ ಸರಿದು ತುರ್ತು ಸಂಖ್ಯೆಗೆ ಕರೆ ಮಾಡಿ. ಹೊಗೆ ವಿಷ. ಕೆಡದ ಬ್ಯಾಟರಿಯನ್ನೂ ಕಸದ ಬುಟ್ಟಿಗೆ ಹಾಕಬಾರದು. ಇಂಗ್ಲೆಂಡ್, ಜರ್ಮನಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ಬ್ಯಾಟರಿ ಡಬ್ಬಿ ಇರುತ್ತದೆ, ಅಮೆರಿಕದಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ. ಹರಿದದ್ದು, ಉಬ್ಬಿದ್ದು ಇದ್ದರೆ ಆ ಡಬ್ಬಿಗೂ ಬೇಡ. ನಿಮ್ಮ ಊರಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಫೋನ್ ಮಾಡಿ ಒಯ್ಯಿರಿ.

ಬೇಸಿಗೆ ರಜೆಗೆ ಊರಿಗೆ ಹೊರಟವರಿಗೆ ಒಂದು ಮಾತು. ವೇಪ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದಕ್ಕೆ ವಿಮಾನಯಾನದ ನಿಯಮ ಬಿಡುವುದಿಲ್ಲ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ಎಲ್ಲ ನಿಷಿದ್ಧ. ಮೊದಲ ಸಲದ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರಿನ ಕಸಿನ್ "ಬರುವಾಗ ಒಂದು ತಾರೋ" ಎಂದು ನಿಮ್ಮ ಮಗನಿಗೆ ಮೆಸೇಜ್ ಮಾಡಿರಬಹುದು, ಹೊರಡುವ ಮುಂಚೆ ಕೇಳಿಬಿಡಿ. ಸಿಂಗಪುರದ ಮೂಲಕ ಹೋಗುವವರು ಇನ್ನೂ ಹುಷಾರು. ಅಲ್ಲಿ 2018ರಿಂದ ಹತ್ತಿರ ಇಟ್ಟುಕೊಳ್ಳುವುದೇ ಅಪರಾಧ.

ಈ ಅಂಕಣ ಓದುವ ನಮ್ಮಂಥವರ ಮನೆಗಳಲ್ಲಿ ಭಾಷೆಯ ಕೆಲಸಗಳು ಹಂಚಿಹೋಗಿರುತ್ತವೆ. ಊಟ, ಹಬ್ಬ, ಅಜ್ಜಿಯ ಫೋನು, ಬೈಗುಳ ಇವೆಲ್ಲ ಕನ್ನಡದಲ್ಲಿ. ವಿಜ್ಞಾನ, ಕಾರಣ, ವಾದ ಎಲ್ಲ ಇಂಗ್ಲಿಷಿನಲ್ಲಿ. ಹದಿನೇಳರ ಹುಡುಗನ ಕಿವಿಗೆ ಅಪ್ಪ ಕನ್ನಡಕ್ಕೆ ತಿರುಗಿದರೆ ಬೈಗುಳ ಶುರುವಾಯಿತು ಎಂದೇ ಅರ್ಥ. ಆ ರಾತ್ರಿ ಅವನು ಬಾಯಿ ಮುಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು. ಲೆಕ್ಕವನ್ನು ಕನ್ನಡದಲ್ಲಿ ಹಾಕಿ ನೋಡಿ. "ಇದರ ಕಾಯಿಲ್ ರೋಧ ಎಷ್ಟೋ? ಬ್ಯಾಟರಿ ಫುಲ್ ಇದ್ದಾಗ ಎಷ್ಟು ಆಂಪಿಯರ್ ಎಳೆಯುತ್ತೆ? ಬ್ಯಾಟರಿ ಮೇಲೆ ಎಷ್ಟು ಬರೆದಿದೆ, ನಿಜವಾಗಿ ಎಷ್ಟು?" ಫಿಸಿಕ್ಸ್ ಕ್ಲಾಸಿನಲ್ಲಿ ಓಮ್‌ನ ನಿಯಮ ಓದಿದ ಹುಡುಗನಿಗೆ ಇದಕ್ಕೆ ಉತ್ತರ ಹೇಳುವ ಹುಮ್ಮಸ್ಸು ತಡೆಯಲಾಗುವುದಿಲ್ಲ. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಸರಿ. 'ವಿಭವಾಂತರ' ಬಾಯಿಗೆ ಬರದಿದ್ದರೆ ವೋಲ್ಟೇಜ್ ಎನ್ನಿ. 'ತೂಬು' ಮಾತ್ರ ಬಿಡಬೇಡಿ.

ಸಣ್ಣ ಮಕ್ಕಳಿರುವ ಮನೆಯಲ್ಲಿ ಇದೇ ವಿಷಯವನ್ನು ಆಟವಾಗಿ ಮಾಡಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತು ಡಾಲರ್‌ನ ಆಸುಪಾಸಿನಲ್ಲಿ ಮಲ್ಟಿಮೀಟರ್ ಸಿಗುತ್ತದೆ. ಓಮ್ ಗುರುತಿಗೆ ತಿರುಗಿಸಿ, ಚೊಂಬು, ಲೋಟ, ಮರದ ಸೌಟು, ಪ್ಲಾಸ್ಟಿಕ್ ತಟ್ಟೆ, ಉಪ್ಪುನೀರು ಒಂದೊಂದನ್ನೇ ಮುಟ್ಟಿಸಿ. ಅಗ್ಗದ ಮೀಟರ್‌ಗೆ ತಾಮ್ರಕ್ಕೂ ಸ್ಟೀಲ್‌ಗೂ ಇರುವ ವ್ಯತ್ಯಾಸ ಕಾಣುವುದಿಲ್ಲ, ಎರಡೂ ಸೊನ್ನೆಯ ಹತ್ತಿರವೇ ತೋರಿಸುತ್ತವೆ. ಆದರೆ ಕಿಲುಬು ಹಿಡಿದ ಚೊಂಬಿನ ಮೇಲೆ ಕಡ್ಡಿಯನ್ನು ಮೆಲ್ಲಗೆ ಇಟ್ಟರೆ ಅಂಕಿ ನಿಲ್ಲದೆ ಕುಣಿಯುತ್ತದೆ; ಹುಣಸೆಹಣ್ಣಲ್ಲಿ ಉಜ್ಜಿ ತೊಳೆದ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಮೀಟರ್ ಓಮ್‌ನಲ್ಲಿರುವಾಗ ಗೋಡೆಯ ಸಾಕೆಟ್‌ಗಾಗಲಿ ಬ್ಯಾಟರಿಗಾಗಲಿ ಮುಟ್ಟಿಸಬಾರದು ಎಂದು ಮೊದಲೇ ಹೇಳಿಬಿಡಿ.